ನೆರಳಿನ ಉತಾರ ಯಾರ ಹೆಸರಿಗೆ?

ಏಪ್ರಿಲ್ ಬಂತೆಂದರೆ ನಮ್ಮ ಆಫೀಸಿನ ಕ್ಯಾಂಟೀನ್‌ನಲ್ಲಿ ಮೂರು ಮಾತು ತಪ್ಪದೆ ಕೇಳಿಬರುತ್ತವೆ. "ಕೊತ್ತಂಬರಿ ಕಟ್ಟಿಗೆ ನಲವತ್ತಂತೆ, ರೈತರಿಗೆ ಹಬ್ಬ ಬಿಡಪ್ಪ" ಅನ್ನೋದು ಒಂದು. "ಬೇಸಿಗೇಲಿ ಪಾಲಕ್, ಕೊತ್ತಂಬರಿ ಯಾಕ್ ತಿನ್ಬೇಕು? ಪ್ರಕೃತಿ ಆಯಾ ಕಾಲಕ್ಕೆ ಏನು ಕೊಡುತ್ತೋ ಅದನ್ನ ತಿನ್ಬೇಕು" ಅನ್ನೋದು ಇನ್ನೊಂದು. ಹೋದ ವರ್ಷ ಇದನ್ನು ಹೇಳಿದವನ ತಟ್ಟೆಯಲ್ಲಿ ಐಸ್‌ಬರ್ಗ್ ಲೆಟಿಸ್ ಇತ್ತು. ಹೋಗ್ಲಿ ಬಿಡ್ರಿ. ಮೂರನೆಯದು ನಮ್ಮಂಥ ಹಳ್ಳಿಯಿಂದ ಬಂದವರದು: "ಎರಡು ವರ್ಷ ತಡಿ, ಊರಾಗ ಪಾಲಿಹೌಸ್ ಹಾಕ್ತೀನಿ, ಸೆನ್ಸರ್ ಹಚ್ತೀನಿ, ಬ್ಯಾಸಿಗ್ಯಾಗ ಇಡೀ ಬೆಳಗಾವಿಗೆ ಸೊಪ್ಪು ನಾನ ಕೊಡ್ತೀನಿ."

ಮೂವರೂ ತಪ್ಪು. ಮೂರನೆಯವನು ಹೆಚ್ಚು ತಪ್ಪು. ಯಾಕಂದ್ರೆ ಆ ಮೂರನೆಯವನು ನಾನೇ ಆಗಿದ್ದೆ, ಅದಕ್ಕೆ ಅರವತ್ತೆಂಟು ಸಾವಿರ ರೂಪಾಯಿ ಕಟ್ಟಿದ್ದೇನೆ.

ನಮ್ಮೂರು ಚಿಕ್ಕೋಡಿಯಿಂದ ಅಂಕಲಿ ಕಡೆ ಹೋಗುವ ದಾರಿಯಲ್ಲಿ ಬರುತ್ತದೆ. ನೀವು ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಬದಿಗೆ ಕಬ್ಬು. ಅಥಣಿ ಕಡೆ ಹೋದರೂ ಕಬ್ಬು, ಕಾಗವಾಡ ಕಡೆ ಹೋದರೂ ಕಬ್ಬು. ಕೃಷ್ಣಾ ನದಿಯ ನೀರು, ಕರಿ ಮಣ್ಣು, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಫ್ಯಾಕ್ಟರಿ. ಇಷ್ಟು ನೀರಾವರಿ ಇರುವ ಊರಿನ ಸಂತೆಗೆ ಏಪ್ರಿಲ್-ಮೇ ತಿಂಗಳಲ್ಲಿ ಕೋತಂಬರಿ ಪೆಂಡಿ ಬೆಳಗಾವಿ ಪೇಟೆಯಿಂದ ಟೆಂಪೋದಲ್ಲಿ ಬರುತ್ತದೆ. ಡಿಸೆಂಬರ್‌ನಲ್ಲಿ ಐದು ರೂಪಾಯಿಗೂ ಕೇಳುವವರಿಲ್ಲದ ಪೆಂಡಿ ಆಗ ಇಪ್ಪತ್ತೈದು, ಮೂವತ್ತು. ಅದೂ ಬಾಡಿದ್ದು. ರೈತರಿಗೆ ಹಬ್ಬ ಅಂದ್ರಲ್ಲ, ನಮ್ಮ ಊರಲ್ಲಿ ಆ ಹಬ್ಬಕ್ಕೆ ಎಲೆ ಹಾಕಿಸಿಕೊಂಡವರು ಒಬ್ಬರೂ ಇಲ್ಲ. ರೈತರೇ ಕೊಂಡು ತಿನ್ನುವವರು.

ಕಾರಣ ಬಿಸಿಲು ಅಂತೀರಿ. ಬಿಸಿಲೇ, ಆದರೆ ಅರ್ಧ ಕಾರಣ.

ಬಿಸಿಲಿನ ಲೆಕ್ಕ ಮೊದಲು ಮುಗಿಸೋಣ, ಅದು ಸುಲಭ. ಪಾಲಕ, ಕೋತಂಬರಿ, ಮೆಂತೆ, ಲೆಟಿಸ್ ಇಂಥವುಗಳ ಎಲೆಗೆ ಬೇಕಾಗುವ ಬೆಳಕಿಗೊಂದು ಮಿತಿ ಇದೆ. ಏಪ್ರಿಲ್ ಮಧ್ಯಾಹ್ನ ನೆಲಕ್ಕೆ ಬೀಳುವ ಬೆಳಕಿನಲ್ಲಿ ಅರ್ಧಕ್ಕಿಂತ ಕಡಿಮೆ ಸಿಕ್ಕರೂ ಆ ಎಲೆಯ ಕೆಲಸ ಪೂರ್ತಿ ನಡೆಯುತ್ತದೆ. ಉಳಿದದ್ದು ಬರೀ ಕಾವು. ಎಲೆ ಕಾಯುತ್ತದೆ, ನೆಲ ಕಾಯುತ್ತದೆ, ಬೇರಿನ ಬುಡದ ನೀರು ಆರುತ್ತದೆ, ಗಿಡ ಗಾಬರಿಯಾಗಿ ಎಲೆ ಬಿಡುವುದು ಬಿಟ್ಟು ಹೂವಿಗೆ ಹೋಗುತ್ತದೆ. ಲೆಟಿಸ್ ಕಹಿಯಾಗುತ್ತದೆ, ಅದರ ಬೀಜವಂತೂ ಮಣ್ಣು 30 ಡಿಗ್ರಿ ದಾಟಿದರೆ ಮೊಳಕೆಯೊಡೆಯಲು ಹಠ ಮಾಡುತ್ತದೆ. ಹಾಗಾಗಿ ಮೇಲಿನಿಂದ ಮೂರನೇ ಒಂದು ಪಾಲು, ಹೆಚ್ಚೆಂದರೆ ಅರ್ಧ ಬಿಸಿಲು ತಡೆದರೆ ಈ ಗಿಡಗಳಿಗೆ ನಷ್ಟ ಇಲ್ಲ, ಲಾಭವೇ. ಕಬ್ಬಿನ ಜಾತಿ ಬೇರೆ. ಅದು ಎಷ್ಟು ಬಿಸಿಲು ಕೊಟ್ಟರೂ ನುಂಗುತ್ತದೆ, ನೆರಳು ಬಿದ್ದ ಕಡೆ ಸಣ್ಣಗಾಗುತ್ತದೆ. ಈ ಎರಡು ಜಾತಿಯ ವೈರ ನೆನಪಿಡಿ. ಮುಂದಿನ ಜಗಳವೆಲ್ಲ ಅದರದ್ದೇ.

ನನ್ನ ಅರವತ್ತೆಂಟು ಸಾವಿರದ ಕತೆ ಹೀಗೆ. ಐದು ವರ್ಷದ ಹಿಂದೆ ಬೋನಸ್ ಬಂದಾಗ ಒಂದು ಗುಂಟೆಗೆ ಶೇಡ್‌ನೆಟ್ ಮನೆ ಹಾಕಿಸಿದೆ. ಹಾಕಿದ ಕಂಪನಿಯ ಹುಡುಗ "ಸರ್, 75 ಪರ್ಸೆಂಟ್ ನೆಟ್ ಹಾಕೋಣ, ಜಾಸ್ತಿ ನೆರಳು, ಜಾಸ್ತಿ ತಂಪು" ಅಂದ. ನಾನು, ಕೋಡ್ ರಿವ್ಯೂದಲ್ಲಿ ಒಂದು ಕಾಮಾ ಬಿಡದವನು, ಆ ಮಾತನ್ನು ಹಾಗೇ ನುಂಗಿದೆ. ಎತ್ತರ ಆರೂವರೆ ಅಡಿ, ನಾಲ್ಕೂ ಕಡೆ ಪರದೆ, ಹಸಿರು ಬಣ್ಣ. ಒಳಗೆ ಗಾಳಿ ಆಡಲಿಲ್ಲ. ಮಧ್ಯಾಹ್ನ ಹೊರಗಿಗಿಂತ ಒಳಗೇ ಹೆಚ್ಚು ಸೆಕೆ. ಕೋತಂಬರಿ ಬೆಳಕು ಹುಡುಕುತ್ತ ಉದ್ದಕ್ಕೆ, ತೆಳ್ಳಗೆ, ಹಳದಿಯಾಗಿ ಎದ್ದು ಮಲಗಿತು. ಅವ್ವ ನೋಡಿ ಹೇಳಿದ್ದು: "ಏನಪಾ ಇದು, ಕತ್ತಲಕೋಣ್ಯಾಗ ಬೆಳದ ಕೂಸಿನಂಗ ಆಗೇತಲ್ಲ." ಮೇ ಎರಡನೇ ವಾರ ಆಣೆಕಲ್ಲು ಸಮೇತ ಗಾಳಿ-ಮಳಿ ಬಂದು ನೆಟ್ಟನ್ನು ಹರಿದು ಪಕ್ಕದ ಕಾಕಾನ ಕಬ್ಬಿನ ಮೇಲೆ ಹೊದಿಸಿತು. ಕಾಕಾ ಒಳ್ಳೆಯವರು, ಮಡಚಿ ತಂದುಕೊಟ್ಟರು. ಅರ್ಧ ತಮ್ಮ ಬಣವಿಗೆ ಇಟ್ಟುಕೊಂಡರು. ಪೈಪುಗಳು ಇನ್ನೂ ನಿಂತಿವೆ. ಅರಿವೆ ಒಣಹಾಕಲು ಭಾಳ ಛಲೋ.

ಹಸಿರು ನೆಟ್ಟಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಬೇರೆ ಬಣ್ಣ ಕೇಳಿದರೆ ವಿಚಿತ್ರವಾಗಿ ನೋಡ್ತಾರೆ, ಹಸಿರು ಅಂದ್ರೆ ಕೃಷಿ ಅಂತ ನಂಬಿಕೆ. ಆದರೆ ಎಲೆಗೆ ಹೆಚ್ಚು ಬೇಕಾದದ್ದು ಕೆಂಪು ಮತ್ತು ನೀಲಿ ಬೆಳಕು. ಹಸಿರು ನೆಟ್ ಅವನ್ನೇ ಹೆಚ್ಚು ತಡೆದು, ಎಲೆಗೆ ಕಡಿಮೆ ಬೇಕಾದ ಹಸಿರನ್ನು ಒಳಗೆ ಬಿಡುತ್ತದೆ. ಬಿಳಿ ಅಥವಾ ಕಪ್ಪು ವಾಸಿ. ಬೆಂಗಳೂರಿನ ಟೆರೇಸ್ ಮೇಲೆ ಪಾಲಕ ಹಾಕಿರುವವರು ಬೇಕಾದರೆ ಇದೊಂದನ್ನು ಬರೆದುಕೊಳ್ಳಿ: 35ರಿಂದ 50 ಪರ್ಸೆಂಟ್, ತಲೆಗಿಂತ ಎತ್ತರ, ಬದಿಗಳು ಬಯಲು.

ಬಟ್ಟೆ ಕಟ್ಟಿ ಬೆಳೆಗೆ ನೆರಳು ಮಾಡುವ ವ್ಯವಹಾರ ಜೋರಾಗಿ ನಡೆದ ಒಂದು ಕಡೆ ಯಾವುದು ಗೊತ್ತೇ? ಅಮೆರಿಕದ ಕನೆಕ್ಟಿಕಟ್. 1900ರಲ್ಲಿ ಅಲ್ಲಿಯ ರೈತರು ಸುಮಾತ್ರಾದ ತಂಬಾಕಿನ ಜೊತೆ ಪೈಪೋಟಿ ಮಾಡಲಿಕ್ಕೆ, ಸಿಗಾರಿನ ಹೊರಸುತ್ತಿನ ತೆಳು ಎಲೆಗಾಗಿ, ಹೊಲಕ್ಕೆ ಹೊಲವೇ ಬಟ್ಟೆಯ ಚಪ್ಪರ ಕಟ್ಟಿದರು. ನಿಪ್ಪಾಣಿಯ ಬೀಡಿ ತಂಬಾಕು ನೋಡಿ ಬೆಳೆದ ನನಗೆ ಇದನ್ನು ಓದಿದಾಗ ನಗು ಬಂತು. ನಮ್ಮ ತಂಬಾಕು ಬಟಾಬಯಲಿನ ಬಿಸಿಲಿನದು, ಅದಕ್ಕೆ ನೆರಳು ಬೇಕಿಲ್ಲ. ನೆರಳಿನ ವಿದ್ಯೆ ನಮ್ಮಲ್ಲಿ ಇದ್ದದ್ದು ಎಲೆಬಳ್ಳಿಯ ತೋಟದಲ್ಲಿ. ಮೀರಜ ಕಡೆ ಪಾನಮಳೆ ಅಂತಾರೆ. ಅಲ್ಲಿ ಚೊಗಚಿ, ಶೇವರಿ, ನುಗ್ಗಿ, ಹಾಲವಾಣದ ಗಿಡ ಒತ್ತಾಗಿ ಹಚ್ಚಿ ಅದಕ್ಕೇ ಬಳ್ಳಿ ಹಬ್ಬಿಸ್ತಾರೆ. ಚೊಗಚಿ ಅಂದ್ರೆ ದಕ್ಷಿಣದವರು ಅಗಸೆ ಮರ ಅಂತೀರಲ್ಲ, ಅದು. ಹೊರಗೆ 40 ಡಿಗ್ರಿ ಇದ್ದಾಗ ಆ ತೋಟದೊಳಗೆ ಕಾಲಿಟ್ಟರೆ ಬೇರೆ ಊರಿಗೆ ಬಂದ ಹಾಗೆ. ಸಣ್ಣವನಿದ್ದಾಗ ಅಜ್ಜಿಯ ಜೊತೆ ಹೋಗಿ ಅಂಥ ತೋಟದ ಅಂಚಿನಲ್ಲಿ ಮೇ ತಿಂಗಳ ಕೋತಂಬರಿ ಕಿತ್ತದ್ದು ನೆನಪಿದೆ. ಪ್ರಕೃತಿ ಕೊಡದೇ ಇರೋದನ್ನ ತಿನ್ನಬಾರದು ಅನ್ನುವ ಗೆಳೆಯನಿಗೆ ಇದನ್ನೇ ಹೇಳಬೇಕಿತ್ತು: ಕ್ಯಾಲೆಂಡರಿನಲ್ಲಿ ಮಾತ್ರ ಋತು ಇರುವುದಿಲ್ಲ ಮಾರಾಯ, ಗಿಡದ ಬುಡದಲ್ಲಿಯೂ ಒಂದು ಋತು ಇರ್ತದೆ. ನಮ್ಮ ಹಿಂದಿನವರಿಗೆ ಅದು ಗೊತ್ತಿತ್ತು.

ಹಂಗಂತ ಎಲ್ಲವನ್ನೂ ಬೆಳೀಬಹುದು ಅಂತ ಬಡಾಯಿ ಕೊಚ್ಚುವುದಿಲ್ಲ. ನೆರಳು ಹಗಲಿನ ಕಾವು ತಗ್ಗಿಸುತ್ತದೆ, ರಾತ್ರಿಯ ಸೆಕೆಗೆ ಅದರ ಹತ್ತಿರ ಮದ್ದಿಲ್ಲ. ಹಸಿ ಬಟಾಣಿ, ಹೂಕೋಸಿಗೆ ಬೇಸಿಗೆಯಲ್ಲಿ ಕೈಮುಗಿಯಿರಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಪೂಸಾ ಮೇಘನಾದಂಥ ಸೆಕೆ ತಡೆಯುವ ಹೂಕೋಸಿನ ತಳಿ ತಂದಿದ್ದಾರೆ. ಗಡ್ಡೆ ಕಟ್ಟಲು ಅದಕ್ಕೂ 22ರಿಂದ 27 ಡಿಗ್ರಿ ಬೇಕು, ಚಿಕ್ಕೋಡಿಯ ಮೇ ತಿಂಗಳಲ್ಲಿ ಅದನ್ನು ಎಲ್ಲಿಂದ ತರೋದು? ವಿದೇಶಿ ಸ್ಪಿನಾಚ್ ಕೂಡ ಬೇಡ, ಅದು ಹಗಲು ಉದ್ದವಾದರೆ ಹೂವಿಗೆ ಹೋಗುತ್ತದೆ, ನೆರಳು ಹಗಲನ್ನು ಗಿಡ್ಡ ಮಾಡುವುದಿಲ್ಲ. ನಮ್ಮ ಪಾಲಕ ಸ್ಪಿನಾಚ್ ಅಲ್ಲವೇ ಅಲ್ಲ, ಬೀಟ್‌ರೂಟಿನ ದಾಯಾದಿ, ಗಟ್ಟಿ ಜೀವ. ಪಾಲಕ, ಕೋತಂಬರಿ, ಮೆಂತೆ, ಸಬ್ಬಸಿಗಿ, ಎಳೆಯದರಲ್ಲೇ ಕಿತ್ತರೆ ಮೂಲಂಗಿ. ಸಾಕಲ್ಲ?

ನನ್ನ ನೆಟ್ ಹಾರಿಹೋದ ಮರುವರ್ಷ ವೈನಿ, ಅಂದರೆ ಅಣ್ಣನ ಹೆಂಡತಿ, ಯಾರಿಗೂ ಹೇಳದೆ ಬಾವಿಯ ಹಿಂದೆ ಶುರುಮಾಡಿದರು. ಅಲ್ಲಿ ಪಶ್ಚಿಮಕ್ಕೆ ಒಂದು ಸಾಲು ನುಗ್ಗಿ, ಎರಡು ಚೊಗಚಿ ಉಳಿದಿದ್ದವು. ಮಧ್ಯಾಹ್ನ ಮೂರರ ಮೇಲಿನ ಸುಡುಬಿಸಿಲು ಪಡುವಲಿನಿಂದ ಬರುವುದು, ಅದನ್ನು ಗಿಡಗಳೇ ತಡೆದವು. ತಲೆ ಮೇಲಿನ ಬಿಸಿಲಿಗೆ ಹಳೆ ಗಳ ನಿಲ್ಲಿಸಿ ಚಪ್ಪರ ಮಾಡಿ ಮೇಲೆ ರವದಿ ಹರವಿದರು. ರವದಿ ಅಂದ್ರೆ ಕಬ್ಬಿನ ಒಣಗಿದ ಗರಿ. ಕಬ್ಬು ಕಡಿದ ಮೇಲೆ ನಮ್ಮ ಕಡೆ ಅದಕ್ಕೆ ಬೆಂಕಿ ಹಚ್ಚುತ್ತಾರೆ, ಫೆಬ್ರವರಿ ರಾತ್ರಿ ಊರ ಸುತ್ತ ಕೆಂಪು ಗೆರೆ ಕಾಣುತ್ತದೆ. ಒಂದು ಕಡೆ ನೆರಳನ್ನು ಟನ್ನುಗಟ್ಟಲೆ ಸುಡುವುದು, ಇನ್ನೊಂದು ಕಡೆ ಮೀಟರ್ ಲೆಕ್ಕದಲ್ಲಿ ಪ್ಲಾಸ್ಟಿಕ್ ನೆರಳು ಕೊಳ್ಳುವುದು. ಇದನ್ನು ಮಾಡಿದ್ದು ಬಿಇ ಓದಿದ ನಾನು, ಹತ್ತನೇತ್ತ ಓದಿದ ವೈನಿ ಅಲ್ಲ.

ಎಷ್ಟು ದಪ್ಪ ಹರವಬೇಕು ಅಂತ ಕೇಳಿದೆ. ಚಪ್ಪರದ ಕೆಳಗೆ ಅಂಗೈ ಹಿಡಿದು ತೋರಿಸಿದರು. ಅಂಗೈಯ ನೆರಳು ನೆಲದ ಮೇಲೆ ಮಸುಕಾಗಿ ಕಾಣಬೇಕು. ಕಾಣದಿದ್ದರೆ ದಪ್ಪ ಆಯ್ತು, ಕಡ್ಡಿ ಕೊರೆದಂಗ ಕಂಡರೆ ತೆಳ್ಳಗಾಯ್ತು. ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು ಹೋಗಿದ್ದ ನಾನು ಫೋನ್ ಕಿಸೆಯಲ್ಲಿಟ್ಟೆ.

ಕೋತಂಬರಿ ಬೀಜ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಒದ್ದೆ ಅರಿವೆಯಲ್ಲಿ ಕಟ್ಟಿಟ್ಟು, ಸಂಜೆ ಹೊತ್ತು ಬಿತ್ತುತ್ತಾರೆ. ಮೊಳಕೆ ಕಾಣುವವರೆಗೆ ಮಡಿಯ ಮೇಲೂ ತೆಳ್ಳಗೆ ರವದಿ. ಎಂಟು ದಿನಕ್ಕೊಂದು ಮಡಿ, ಒಮ್ಮೆಗೇ ಎಲ್ಲ ಬಿತ್ತುವುದಿಲ್ಲ. ಮೇ ತಿಂಗಳ ಗಾಳಿ ಅವರ ಚಪ್ಪರವನ್ನೂ ಬಿಡಲಿಲ್ಲ, ರವದಿ ಹಾರಿತು. ಅರ್ಧ ತಾಸಿನಲ್ಲಿ ಆಯ್ದು ಮತ್ತೆ ಹರವಿದರು. ನನ್ನ ನೆಟ್ಟಿಗೆ ಕಂಪನಿಯವರ ಫೋನ್ ಹತ್ತಲೇ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ರವದಿ ಇಳಿಸಿ ಬುಡಕ್ಕೆ ಮುಚ್ಚಿದರು. ನೆರಳು ಬೇಕಾದದ್ದು ವರ್ಷಕ್ಕೆ ಎಂಬತ್ತು-ತೊಂಬತ್ತು ದಿನ, ಮೋಡದ ಕಾಲದಲ್ಲಿ ಅದು ಗಿಡಕ್ಕೆ ಶತ್ರು. ಒಂದೇ ಅಪಾಯ ಬೆಂಕಿ. ಅದಕ್ಕೇ ಬಾವಿ ಕಡೆ ಬೀಡಿ ಸೇದುತ್ತ ಬರುವ ಕಾಕಾಗೆ ಏಪ್ರಿಲ್-ಮೇ ಪೂರ್ತಿ ಪ್ರವೇಶ ನಿಷೇಧ.

ಆ ಗುಂಟೆಯಿಂದ ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ವೈನಿ ಸಂತೆಯಲ್ಲಿ ಮಾರಿದ್ದು 11,400 ರೂಪಾಯಿಯ ಸೊಪ್ಪು. ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು, ನಾನು ಎಕ್ಸೆಲ್‌ನಲ್ಲಿ ಹಾಕಿದೆ. ಬೀಜ, ಬಸ್ಸು, ಸಂತೆ ಪಾವತಿ ಎಲ್ಲ ಕಳೆದರೂ ಒಂಬತ್ತು ಸಾವಿರದ ಹತ್ತಿರ ಉಳಿಯಿತು. ಬೆಳಿಗ್ಗೆ ಐದಕ್ಕೆದ್ದ ಅವರ ಕೂಲಿಯ ಕಾಲಂ ಖಾಲಿ ಇದೆ. ಅಲ್ಲಿ ಏನು ಹಾಕಬೇಕು ಅಂತ ಅವರನ್ನು ಕೇಳಿದರೆ ನಕ್ಕರು.

ಈಗ ಕಬ್ಬಿನ ಲೆಕ್ಕ. ನಮ್ಮ ಹೊಲದಲ್ಲಿ ಎಕರೆಗೆ 40 ಟನ್ ಬಂದರೆ ಅಣ್ಣ ಮೀಸೆ ತಿರುವುತ್ತಾನೆ. ಎಕರೆಗೆ 40 ಗುಂಟೆ, ಅಂದರೆ ಗುಂಟೆಗೆ ಒಂದು ಟನ್. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ ಟನ್ನಿಗೆ 3,400 ರೂಪಾಯಿ, ಅದೂ 10.25 ಪರ್ಸೆಂಟ್ ರಿಕವರಿ ಇದ್ದರೆ, ಅದರಲ್ಲೇ ಕಟಾವು ಮತ್ತು ಸಾಗಾಣಿಕೆ ಕಡಿತ. ಇಡೀ ವರ್ಷಕ್ಕೆ! ಗೊಬ್ಬರ, ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವೈನಿ ಇನ್ನೊಂದು ಗುಂಟೆ ಕೇಳುತ್ತಿರುವುದು ನಾಲ್ಕು ವರ್ಷದಿಂದ. ಅಣ್ಣನ ಉತ್ತರ ಒಂದೇ: "ಕಬ್ಬಿನ ನಡಬರಕ ಕಾಯಿಪಲ್ಲೆ ಏನ್ ಹಚ್ಚತಿ, ಮಂದಿ ನಗ್ತಾರ." ಗಿಡ ಹಚ್ಚುವ ಮಾತು ತೆಗೆದರಂತೂ ಮುಗೀತು. ಬದುವಿನ ಬೇವು, ಮಾವು, ಜಾಲಿ ಎಲ್ಲ ಹೋದದ್ದೇ ಕಬ್ಬಿಗೆ ನೆರಳು ಬೀಳ್ತೈತಿ ಅಂತ.

ಹಾಗಾಗಿ ನನ್ನ ತಕರಾರು ಇದು. ಬೇಸಿಗೆಯ ಸೊಪ್ಪು ನಮ್ಮ ಕಡೆ ತಂತ್ರಜ್ಞಾನ ಇಲ್ಲದ್ದರಿಂದ ಸಾಯುತ್ತಿಲ್ಲ. ನೀರಿನ ಹತ್ತಿರದ ಒಂದು ಗುಂಟೆ, ಬೆಳಿಗ್ಗೆ ಅರ್ಧ ತಾಸು ನೀರು, ಪಶ್ಚಿಮಕ್ಕೆ ನಾಲ್ಕು ಗಿಡ. ಇಷ್ಟನ್ನು ಕೇಳುವವರು ಮನೆಯ ಹೆಂಗಸರು, ಕೊಡಬೇಕಾದವರು ಕಬ್ಬಿನ ಗಂಡಸರು. ನಡುವೆ ನಾವು, ಊರಿಗೆ ರೊಕ್ಕ ಕಳಿಸುವ ತಮ್ಮಂದಿರು, ಈ ಜಗಳಕ್ಕೆ ಕೈಹಾಕುವ ಧೈರ್ಯವಿಲ್ಲದೆ ಸ್ಟೀಲ್ ಪೈಪು ಕೊಂಡು ಕಳಿಸುತ್ತೇವೆ. ಪೈಪು ಕೊಳ್ಳುವುದು ಸುಲಭ, ಅಣ್ಣನ ಎದುರು ಕೂತು ಮಾತಾಡುವುದು ಕಷ್ಟ.

ಸರ್ಕಾರದ ಸಬ್ಸಿಡಿ ಇಲ್ಲವೇ ಅಂತೀರಿ. ಇದೆ. 2014-15ರಲ್ಲಿ ಶುರುವಾದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ ಮಾರ್ಗಸೂಚಿ ಓದಿದೆ. ಆಗಿನ ಪಟ್ಟಿಯಲ್ಲಿ ಕಬ್ಬಿಣದ ಪೈಪಿನ ನೆರಳು ಮನೆಗೆ ಚದರ ಮೀಟರಿಗೆ 710 ರೂಪಾಯಿ ಅಂತ ಲೆಕ್ಕವಿತ್ತು, ಅರ್ಧ ಸಹಾಯಧನ, ಒಬ್ಬರಿಗೆ 4,000 ಚದರ ಮೀಟರ್ ತನಕ ಇತ್ತು. ಅಂದರೆ ಒಂದು ಎಕರೆಯ ಹತ್ತಿರ. ಅದೇ ಪಟ್ಟಿಯ ಕೆಳಗೆ ಕಟ್ಟಿಗೆಯದಕ್ಕೆ 492, ಬಿದಿರಿನದಕ್ಕೆ 360, 200 ಚದರ ಮೀಟರಿನ ಘಟಕ ಅಂತ ಇತ್ತು. ಎರಡು ಗುಂಟೆ! ವೈನಿಗಾಗಿಯೇ ಬರೆದ ಹಾಗಿತ್ತು. ಆದರೆ ನನ್ನ ಹತ್ತಿರ ಬಂದ ಒಬ್ಬ ಏಜೆಂಟನೂ ಬಿದಿರಿನ ಸಾಲು ತೋರಿಸಲಿಲ್ಲ. ನಾನೇ ಕೇಳಿದಾಗ "ಅದೆಲ್ಲ ಯಾರ್ ಮಾಡ್ತಾರ್ರಿ" ಅಂದ. ಬಿದಿರಿನಲ್ಲಿ ಅವನಿಗೇನು ಸಿಗುತ್ತದೆ? ಸರಿ, ನಾವೇ ಅರ್ಜಿ ಹಾಕೋಣ ಅಂತ ಕೂತರೆ ಮೊದಲು ಬೇಕಾದದ್ದು ಉತಾರ, ನೀವು ಪಹಣಿ ಅನ್ನುವುದು. ಉತಾರದಲ್ಲಿ ಅಪ್ಪನ ಹೆಸರಿದೆ, ಅಣ್ಣನದಿದೆ, ಹದಿನಾಲ್ಕು ವರ್ಷದಿಂದ ಊರಲ್ಲಿಲ್ಲದ ನನ್ನದೂ ಇದೆ. ದಿನಾ ಆ ಮಣ್ಣಿನಲ್ಲಿ ಕೂರುವ ವೈನಿಯದಿಲ್ಲ, ಅವ್ವನದಿಲ್ಲ. ನನ್ನ ಹೆಸರಿಗೆ ಶೇಡ್‌ನೆಟ್ ಸಿಗಬಹುದು, ಅವರ ಹೆಸರಿಗೆ ಬಿದಿರಿನ ಗಳವೂ ಸಿಗುವುದಿಲ್ಲ.

ನೀರಿನ ಜಗಳ ಇನ್ನೊಂದು. ಕಬ್ಬು ಎಂಟು-ಹತ್ತು ದಿನಕ್ಕೊಮ್ಮೆ ಹೊಟ್ಟೆ ತುಂಬ ಕುಡಿಯುತ್ತದೆ, ಸೊಪ್ಪಿಗೆ ದಿನಾ ಬೆಳಿಗ್ಗೆ ನಾಲ್ಕು ಕೊಡ ಬೇಕು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಅಣ್ಣ ಕಬ್ಬಿಗೆ ಬಿಡುತ್ತಾನೆ, ಬೆಳಿಗ್ಗೆ ಮೋಟರ್ ಇಲ್ಲ. ಮೊದಲ ವರ್ಷ ಅವ್ವ, ವೈನಿ ಕೊಡದಲ್ಲಿ ಹೊತ್ತರು. ಬೇಸಿಗೆ ಬಂದರೆ ಕೊಯ್ನಾದಿಂದ ನೀರು ಬಿಡಿ ಅಂತ ಮಹಾರಾಷ್ಟ್ರಕ್ಕೆ ಕಾಗದ ಬರೆಯುವ ನಾಡು ನಮ್ಮದು. 2019ರಲ್ಲಿ ಮೇ ತಿಂಗಳಿಗೆ ಕೃಷ್ಣೆಯಲ್ಲಿ ಬರೀ ಬಂಡೆ ಕಂಡವು, ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಮನೆಗಳಿಗೆ ನುಗ್ಗಿತು. ಅಂಥ ಬೇಸಿಗೆಯಲ್ಲೂ ಕಬ್ಬಿಗೆ ಮೊದಲು, ಉಳಿದರೆ ಬೇರೆಯವಕ್ಕೆ. ಕೊನೆಗೆ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಒಂದು ಸಾವಿರ ಲೀಟರಿನ ಟಾಕಿ ಎತ್ತರದಲ್ಲಿಟ್ಟು ಪೈಪು ಎಳೆದದ್ದು. ರಾತ್ರಿ ತುಂಬುತ್ತದೆ, ಬೆಳಿಗ್ಗೆ ಕರೆಂಟಿಲ್ಲದೆ ಹರಿಯುತ್ತದೆ. ಒಂಬತ್ತು ಸಾವಿರ ಆಯಿತು. ಅದನ್ನೂ ನಾನು ಯೋಚಿಸಲಿಲ್ಲ, ವೈನಿ ಕೇಳಿದ್ದು. ನಾಲ್ಕು ವರ್ಷದಲ್ಲಿ ಅವರು ನನ್ನ ಹತ್ತಿರ ಕೇಳಿದ ಮೊದಲ ವಸ್ತು.

ಎಲ್ಲರೂ ಬೆಳೆದರೆ ಬೆಲೆ ಬೀಳುತ್ತದಲ್ಲ ಅಂತ ಟೀಮಿನವನೊಬ್ಬ ಕೇಳಿದ. ಬೀಳುತ್ತದೆ. ಬೀಳಲಿ. ಮೂವತ್ತರ ಪೆಂಡಿ ಹದಿನೈದಕ್ಕೆ ಬಂದರೂ ಗುಂಟೆಯ ಕಬ್ಬಿಗಿಂತ ಹೆಚ್ಚೇ, ಮತ್ತು ಊರಿನವರು ಬೇಸಿಗೆಯಲ್ಲಿ ಹಸಿರು ತಿನ್ನುತ್ತಾರೆ. ಎಕರೆಗಟ್ಟಲೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಎಕರೆಗಟ್ಟಲೆ ಮಾಡುವ ಹುಚ್ಚಿನಿಂದಲೇ ಕಬ್ಬು ಬಂದದ್ದು, ಮರ ಹೋದದ್ದು.

ಕಳೆದ ತಿಂಗಳು ವೈನಿಗೆ ಫೋನ್ ಮಾಡಿ, ಬಿದಿರು ತರಿಸೋಣ, ರೊಕ್ಕ ಕಳಸ್ತೀನ್ರಿ ಅಂದೆ.

"ರೊಕ್ಕ ಬ್ಯಾಡ್ರಿ," ಅಂದರು. "ನಿಮ್ಮ ಅಣ್ಣಗ ಒಂದ್ ಮಾತ್ ಹೇಳ್ರಿ. ಟಾಕಿ ಹಂತ್ಯಾಕಿನ ಆ ಮೂರು ಸಾಲ ಈ ಸರ್ತಿ ಕಬ್ಬ ಹಚ್ಚಬ್ಯಾಡ ಅಂತ."

ಎರಡು ಸಲ ಹೇಳಿದ್ದೇನೆ. ಮೊದಲ ಸಲ ಅಣ್ಣ ಕ್ರಿಕೆಟ್ ಸ್ಕೋರ್ ಕೇಳಿದ. ಎರಡನೇ ಸಲ "ನೋಡೂಣು" ಅಂದ. ಪಶ್ಚಿಮದ ಬದುವಿಗೆ ಹಚ್ಚಲಿಕ್ಕೆ ವೈನಿ ನುಗ್ಗಿಯ ಟೊಂಗೆ ಕಡಿದು ಒದ್ದೆ ಚೀಲದಲ್ಲಿ ಸುತ್ತಿಟ್ಟಿದ್ದಾರಂತೆ. ಹೆಚ್ಚು ದಿನ ಇಟ್ಟರೆ ಒಣಗುತ್ತವೆ. ಶನಿವಾರದ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.